ಚಳಿಗೆ ಮದ್ದುಂಟು, ಕತ್ತಲೆಗೆ?

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಚಳಿಗಾಲ ಅಂದ್ರೆ ತಲೆಗೆ ಮಫ್ಲರ್ ಸುತ್ತಿಕೊಂಡು ಟೀ ಅಂಗಡಿ ಮುಂದೆ ನಿಲ್ಲೋದು, ಅಷ್ಟೇ. ಪ್ರಾಜೆಕ್ಟ್ ಅಂತ ಮಿನಿಯಾಪೊಲಿಸ್‌ಗೆ ಬಂದು ಇದು ಮೂರನೇ ಚಳಿಗಾಲ. ಇಲ್ಲಿ ಜನವರಿಯಲ್ಲಿ ಮೈನಸ್ 20 ಡಿಗ್ರಿ ಆದರೂ ಯಾರೂ ಅದನ್ನು ದೊಡ್ಡ ಸುದ್ದಿ ಮಾಡೋದಿಲ್ಲ. 2019ರ ಜನವರಿ 30ರಂದು ಮೈನಸ್ 33ಕ್ಕೆ ಇಳಿದಾಗ ಮಾತ್ರ ಅಂಚೆಯವರೂ ಕಾಗದ ಹಂಚಲಿಲ್ಲ. ಆಫೀಸಿನವರು ಅದನ್ನ ಈಗಲೂ ಯುದ್ಧ ಗೆದ್ದವರ ಹಾಗೆ ಹೇಳ್ತಾರೆ!

ನಿಜ ಹೇಳ್ತೀನಿ, ಚಳಿಗೆ ಮದ್ದಿದೆ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ಮೇಲು, ಮಧ್ಯೆ ಸಿಕ್ಕಿಬಿದ್ದ ಗಾಳಿಯೇ ಮೈ ಬೆಚ್ಚಗಿಡತ್ತೆ. ಡೌನ್‌ಟೌನ್‌ನಲ್ಲಿ ಸ್ಕೈವೇ ಇದೆ. ಕಟ್ಟಡದಿಂದ ಕಟ್ಟಡಕ್ಕೆ ರಸ್ತೆಯ ಮೇಲೆ ಹಾದುಹೋಗುವ ಗಾಜಿನ ಸೇತುವೆಗಳು. 1962ರಲ್ಲಿ ಶುರುವಾಗಿದ್ದು, ಈಗ ಸುಮಾರು 80 ಬ್ಲಾಕುಗಳನ್ನ ಜೋಡಿಸಿವೆ. ದೋಸೆ ಹಿಟ್ಟು ಹುಳಿ ಬರಲ್ವಾ? ಓವನ್ ಬಿಸಿ ಮಾಡದೆ ಬರೀ ಒಳಗಿನ ಲೈಟ್ ಹಾಕಿ ರಾತ್ರಿಯಿಡೀ ಇಟ್ಟುಬಿಡಿ.

ಆದರೆ ಕತ್ತಲೆ? ಡಿಸೆಂಬರ್ ಕೊನೆಯಲ್ಲಿ ಸೂರ್ಯ ಏಳೋದು ಎಂಟಕ್ಕೆ ಹತ್ತು ನಿಮಿಷ ಇದ್ದಾಗ, ಮುಳುಗೋದು ನಾಲ್ಕೂವರೆಗೆ. ಮೊದಲ ವರ್ಷ ಶುಕ್ರವಾರ ಹಾಕಿದ ಬಾಗಿಲು ತೆಗೀತಿದ್ದದ್ದು ಸೋಮವಾರವೇ. ಎರಡು ದಿನ ಒಂದು ಮಾತೂ ಆಡದೆ ಕಳೆದದ್ದುಂಟು. ಎಷ್ಟು ಮಲಗಿದರೂ ನಿದ್ದೆ ತೀರುತ್ತಿರಲಿಲ್ಲ. ವಾಪಸ್ ಕಳಿಸಿ ಅಂತ ಮ್ಯಾನೇಜರಿಗೆ ಬರೆದ ಮೇಲ್ ಡ್ರಾಫ್ಟ್‌ನಲ್ಲೇ ಇತ್ತು. "ಯಾಕಪ್ಪಾ, ದನಿ ಒಂಥರಾ ಐತಲ್ಲ? ಉಂಡ್ಯಾ?" ಅಂತ ಅಮ್ಮ ಕೇಳಿದರೆ "ನೆಗಡಿ ಅಮ್ಮಾ" ಅಂತಿದ್ದೆ.

ಡಾಕ್ಟರು ಇದಕ್ಕೊಂದು ಹೆಸರು ಹೇಳಿದರು: ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ದೀಪದ ಮುಂದೆ ಕೂರಿ ಅಂದರು. ಈಗಲೂ ಕೂರ್ತೀನಿ, ಉಪಯೋಗ ಇದೆ. ಆದರೆ ನನ್ನನ್ನ ಎಬ್ಬಿಸಿದ್ದು ಆಫೀಸಿನ ಹಿರಿಯರೊಬ್ಬರು. ಒಂದು ಶನಿವಾರ ಮಧ್ಯಾಹ್ನ ಲೇಕ್ ಹ್ಯಾರಿಯೆಟ್‌ಗೆ ಕರ್ಕೊಂಡು ಹೋಗಿ, ಸೀದಾ ಕೆರೆಯ ಮೇಲೇ ನಡೆಸಿದರು! ಮನುಷ್ಯ ನಡೆಯೋಕೆ ನಾಲ್ಕು ಇಂಚು ಗಟ್ಟಿ ಮಂಜುಗಡ್ಡೆ ಸಾಕಂತೆ, ಅವತ್ತು ಒಂದಡಿ ಮೇಲಿತ್ತು. ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಕ್ಕಳು ಜಾರಾಡ್ತಿದ್ದರು, ಮುದುಕರು ನಾಯಿ ಹಿಡಿದು ಓಡಾಡ್ತಿದ್ದರು. ಇಷ್ಟೊಂದು ಬೆಳಕು ದಿನಾ ಮಧ್ಯಾಹ್ನ ಇಲ್ಲೇ ಸುರೀತಿತ್ತು, ನಾನು ಆ ಹೊತ್ತಿಗೆ ಕ್ಯೂಬಿಕಲ್‌ನಲ್ಲಿ!

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಮಧ್ಯಾಹ್ನ ಇಪ್ಪತ್ತು ನಿಮಿಷ ಸ್ಕೈವೇ ಬಿಟ್ಟು ರಸ್ತೆಯಲ್ಲೇ ನಡಿಗೆ. ಶನಿವಾರ ಯಾರನ್ನಾದರೂ ದೋಸೆಗೆ ಕರೆಯೋದು. ಆ ಡ್ರಾಫ್ಟ್ ಡಿಲೀಟ್ ಮಾಡಿಲ್ಲ, ಕಳಿಸಿಯೂ ಇಲ್ಲ :)

ಇನ್ನೊಂದು ವಿಷಯ. ಸೂರ್ಯ ತಿರುಗೋದು ಡಿಸೆಂಬರ್ 21ರ ಸುಮಾರಿಗೆ ಆದರೂ ವ್ಯತ್ಯಾಸ ಕಣ್ಣಿಗೆ ಕಾಣೋದು ಜನವರಿ ಮಧ್ಯದಲ್ಲಿ. ಸಂಕ್ರಾಂತಿ ದಿನ ಇಲ್ಲಿ ಸೂರ್ಯ ಮುಳುಗೋದು ಹತ್ತಿರ ಹತ್ತಿರ ಐದಕ್ಕೆ. ಚಳಿ ಇನ್ನೂ ಜೋರಾಗೇ ಇರತ್ತೆ, ಆದರೆ ಬೆಳಕು ಆಗಲೇ ವಾಪಸ್ ಹೊರಟಿರತ್ತೆ. ಊರಲ್ಲಿ ಬರೀ ಎಳ್ಳು ಬೆಲ್ಲ ತಿಂದು ಮುಗಿಸ್ತಿದ್ದ ಹಬ್ಬ ನನಗೆ ಅರ್ಥ ಆಗಿದ್ದು ಇಲ್ಲಿ.

ಉತ್ತರದ ಚಳಿಯೂರುಗಳಲ್ಲಿ ಒಬ್ಬರೇ ಇರುವ ಗೆಳೆಯರೇ, ನಾಳೆ ಮಧ್ಯಾಹ್ನ ಒಂದು ಸುತ್ತು ಹೊರಗೆ ಹೋಗಿ ಬನ್ನಿ. ಟೋಪಿ ಮರೀಬೇಡಿ.