ಹೋಗಿ ಬರ್ತೀನಿ

ಬಟವಾಡಿಯಲ್ಲಿ ಬೆಂಗಳೂರು ಬಸ್ಸಿಗೆ ಕಾಯುವಾಗ ಕಿವಿಗೆ ಬೀಳುವ ಮಾತು ‘ಹೋಗಿ ಬರ್ತೀನಿ’. ಬರೀ ‘ಹೋಗ್ತೀನಿ’ ಅಂದರೆ ಅಜ್ಜಿಯರು ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಮೊನ್ನೆ ಅಲ್ಲಿ ಎಳನೀರು ಕುಡಿದು ಐನೂರರ ನೋಟು ಚಾಚಿದೆ. ಎಳನೀರಿನವನ ಬಳಿ ಚಿಲ್ಲರೆಯಿಲ್ಲ, ನನ್ನ ಫೋನು ಸತ್ತಿತ್ತು. ‘ಬಂದಾಗ ಕೊಡಿ ಸ್ವಾಮಿ’ ಎಂದ. ‘ಸಂಜೆಗೇ ಬರ್ತೀನಿ’ ಅಂದೆ. ಬಸ್ಸು ಕ್ಯಾತ್ಸಂದ್ರ ದಾಟುವಾಗ, ಕರುವಿಗೆ ಹಾಲು ಕೊಟ್ಟು ಬರ್ತೀನಿ ಎಂದು ಹುಲಿಗೆ ಮಾತು ಕೊಟ್ಟ ಹಸು ಪುಣ್ಯಕೋಟಿ ನೆನಪಾದಳು.

ಗೋವಿನ ಹಾಡಿನ ನಾಟಕವೆಲ್ಲ ಹುಲಿ ಅಡ್ಡಗಟ್ಟುವ ಕಡೆಯೇ ಇದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದ ನಮ್ಮ ಪಕ್ಕದ ಗುಬ್ಬಿ ಕಂಪನಿಯವರಾದರೆ ಅಲ್ಲೇ ಶಿಳ್ಳೆ ಗಿಟ್ಟಿಸುತ್ತಿದ್ದರು. ಆದರೆ ಅಲ್ಲಿರುವುದು ಗಂಡಾಂತರ, ಧರ್ಮಸಂಕಟವಲ್ಲ. ಗಂಟು ಬೀಳುವುದು ಹುಲಿಯೇ ಇಲ್ಲದ ದೊಡ್ಡಿಯಲ್ಲಿ. ಕರು ಹಾಲು ಕುಡಿದಿದೆ, ಕಾವಲಿಗೆ ಯಾರೂ ಇಲ್ಲ, ಇಲ್ಲೇ ಉಳಿದುಬಿಡು ಎಂದು ಕರುವೇ ಹೇಳುತ್ತದೆ. ಹೆಸರು ಹೇಳದ ಆ ಕವಿಯ ಕಸುಬು ನೋಡಿ: ಮಾತು ಮುರಿಯುವ ಪಕ್ಷದ ವಕಾಲತ್ತನ್ನು ದುಷ್ಟನಿಗೆ ಕೊಡದೆ ಹಾಲುಬಾಯಿಗೆ ಕೊಟ್ಟಿದ್ದಾನೆ. ಆ ವಾದಕ್ಕೆ ಉತ್ತರ ಹೇಳುವುದು ಯಾವ ತಾಯಿಗೆ ಸುಲಭ?

ಪಂಚತಂತ್ರದ ಕೋತಿಯೂ ‘ಹೋಗಿ ಬರ್ತೀನಿ’ ಗಿರಾಕಿಯೇ. ಗುಂಡಿಗೆ ಮರದ ಮೇಲೆ ಬಿಟ್ಟುಬಂದೆ, ತರುತ್ತೇನೆ ಎಂದು ಮೊಸಳೆಗೆ ಹೇಳಿ ಮರ ಹತ್ತಿದ್ದು ಇಳಿಯಲೇ ಇಲ್ಲ. ಅದಕ್ಕೂ ನಾವು ಭೇಷ್ ಅನ್ನುತ್ತೇವೆ! (ಪಂಚತಂತ್ರವನ್ನು 11ನೇ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಸಂಧಿವಿಗ್ರಹಿ, ಜಾಣತನದ ಬೆಲೆ ಬಲ್ಲವನು.) ಅಲ್ಲಿ ಗೆಳೆತನ ಮೊದಲು ಮುರಿದದ್ದು ಮೊಸಳೆ, ಹೆಂಡತಿಯ ಮಾತು ಕೇಳಿ. ಕೋತಿಗೆ ಯಾರ ಋಣವೂ ಇಲ್ಲ. ಹುಲಿಯಾದರೋ ಹಸಿದ ಹೊಟ್ಟೆಯಲ್ಲೂ ನಂಬಿ ಬಿಟ್ಟಿತ್ತು. ಹಸುವನ್ನು ಎಳೆದು ತಂದದ್ದು ಆ ಋಣ.

ಈಚೆಗೆ ನನಗೆ ಹುಲಿಯ ಪಾತ್ರವೇ ದೊಡ್ಡದೆನಿಸುತ್ತದೆ. ಹಸು ಬಂದು ನಿಂತ ಕೂಡಲೇ ಸಂಕಟವೆಲ್ಲ ಹುಲಿಯ ಹೆಗಲಿಗೆ ದಾಟುತ್ತದೆ. ತಿಂದರೆ ಪಾಪ, ಬಿಟ್ಟರೆ ಹಸಿವು. ಕೊನೆಗೆ ಹಾರಿ ಪ್ರಾಣ ಬಿಡುತ್ತದೆ. ಆ ಮುಕ್ತಾಯ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ನಂಬಿದವನಿಗೆ ಅಷ್ಟು ದೊಡ್ಡ ದಂಡ ಯಾಕೆ?

ಬೆಂಗಳೂರಿನಿಂದ ವಾಪಸಾದಾಗ ರಾತ್ರಿಯಾಗಿತ್ತು, ಎಳನೀರಿನ ಗಾಡಿ ಇರಲಿಲ್ಲ. ಬೆಳಿಗ್ಗೆ ಚಿಲ್ಲರೆ ಹಿಡಿದು ಹೋದೆ. ‘ಯಾವ ದುಡ್ಡು ಸ್ವಾಮಿ?’ ಎಂದು ನನ್ನನ್ನೇ ಕೇಳಿದ. ಒಂದು ಗಳಿಗೆ ಕೈ ಜೇಬಿನಲ್ಲೇ ನಿಂತದ್ದು ನಿಜ. ಆಮೇಲೆ ಕೊಟ್ಟೆ. ಆತ ಎಣಿಸದೆ ಡಬ್ಬಿಗೆ ಹಾಕಿಕೊಂಡು ಇನ್ನೊಂದು ಕಾಯಿಗೆ ಮಚ್ಚು ಎತ್ತಿದ.