ದರ್ಶನ ಸ್ಪರ್ಶನಗಳ ಸಖ್ಯ

ದೀಪವಿಲ್ಲದ ಅಡಿಗೆಯ ಮನೆಯಲ್ಲಿ ಗೃಹಿಣಿಯು ಗೂಡಿನೊಳಗೆ ಕೈಯಾಡಿಸಿ, ಎಣ್ಣೆಯ ಗಿಂಡಿ ಯಾವುದು, ತುಪ್ಪದ ಗಿಂಡಿ ಯಾವುದು ಎಂಬುದನ್ನು ತಪ್ಪದೆ ತಿಳಿಯುತ್ತಾಳೆ. ಹಗಲಿನಲ್ಲಿ ಕಣ್ಣು ಕಂಡಿದ್ದುದನ್ನೇ ಇರುಳಿನಲ್ಲಿ ಬೆರಳು ಗುರುತಿಸುತ್ತದೆ. ಇದರಲ್ಲಿ ಸೋಜಿಗವೇನೆಂದು ಯಾರೂ ಕೇಳುವುದಿಲ್ಲ. ಆದರೆ ವಿಚಾರಿಸಿ ನೋಡಿದರೆ ಸೋಜಿಗವು ಅಲ್ಪವಾದುದಲ್ಲ. ಕಣ್ಣಿಗೆ ಗೋಚರವಾಗುವುವು ಬೆಳಕು, ಬಣ್ಣ. ಚರ್ಮಕ್ಕೆ ಗೋಚರವಾಗುವುವು ಒತ್ತು, ನುಣುಪು, ತಂಪು. ಇವಕ್ಕೆ ಪರಸ್ಪರ ಹೋಲಿಕೆಯೇ ಇಲ್ಲ. ಹೀಗಿರಲು, ಎರಡೂ ಒಂದೇ ಗಿಂಡಿಯ ಸಮಾಚಾರವನ್ನು ತಂದಿವೆಯೆಂದು ನಿರ್ಣಯಿಸುವುದು ಹೇಗೆ?

ನೈಯಾಯಿಕರಿಗೆ ಈ ವಿಚಾರವು ಹೊಸದಲ್ಲ. ಗೌತಮನ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯವು ಆರಂಭವಾಗುವುದೇ ಇದರಿಂದ. ಕಣ್ಣಿನಿಂದ ಕಂಡ ವಸ್ತುವನ್ನೇ ಮುಟ್ಟಿಯೂ ಅರಿಯುವುದರಿಂದ, ಇಂದ್ರಿಯಗಳಿಗಿಂತ ಬೇರೆಯಾದ ಜ್ಞಾತೃವು ಇರಲೇಬೇಕೆಂಬುದು ಅಲ್ಲಿಯ ವಾದ. ಕಣ್ಣು ಮುಟ್ಟಲಾರದು, ಚರ್ಮವು ಕಾಣಲಾರದು, ಕಂಡವನೂ ಮುಟ್ಟಿದವನೂ ಒಬ್ಬನೇ. ಆತ್ಮಸಿದ್ಧಿಗಾಗಿ ಹೂಡಿದ ಈ ವಾದವು, ಕಂಡುದೂ ಮುಟ್ಟಿದುದೂ ಒಂದೇ ಎಂಬ ಪ್ರತ್ಯಭಿಜ್ಞೆಯು ಲೋಕಸಿದ್ಧವೆಂಬುದನ್ನು ಆಧಾರವಾಗಿಟ್ಟುಕೊಂಡಿದೆ. ಆ ಪ್ರತ್ಯಭಿಜ್ಞೆಯು ಹುಟ್ಟಿನೊಡನೆಯೇ ಬರುವುದೋ, ಅಭ್ಯಾಸದಿಂದ ಬರುವುದೋ ಎಂಬುದು ಬೇರೆಯ ಪ್ರಶ್ನೆ.

ಈ ಎರಡನೆಯ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದವನು ಐರ್ಲೆಂಡಿನ ಡಬ್ಲಿನ್ ನಗರದ ವಿಲಿಯಂ ಮಾಲಿನ್ಯೂ. ವಿವಾಹವಾದ ಸ್ವಲ್ಪ ಕಾಲದಲ್ಲಿಯೇ ಆತನ ಪತ್ನಿಯು ದೃಷ್ಟಿಯನ್ನು ಕಳೆದುಕೊಂಡಿದ್ದಳು. ೧೬೮೮ರಲ್ಲಿ ಆತನು ತತ್ತ್ವಜ್ಞನಾದ ಜಾನ್ ಲಾಕನಿಗೆ ಬರೆದ ಪತ್ರದ ಸಾರಾಂಶವಿಷ್ಟು: ಹುಟ್ಟುಗುರುಡನೊಬ್ಬನು ಗೋಲವನ್ನೂ ಘನಚೌಕವನ್ನೂ ಮುಟ್ಟಿ ಬಲ್ಲನೆಂದಿಟ್ಟುಕೊಳ್ಳೋಣ, ಅವನಿಗೆ ದೃಷ್ಟಿಯು ಬಂದರೆ, ಮುಟ್ಟದೆಯೇ, ಇದು ಗೋಲ, ಇದು ಚೌಕ ಎಂದು ಹೇಳಬಲ್ಲನೇ? ಹೇಳಲಾರನೆಂದು ಮಾಲಿನ್ಯೂ ನಂಬಿದ್ದನು, ಲಾಕನೂ ಒಪ್ಪಿದನು. ೧೭೨೮ರಲ್ಲಿ ಲಂಡನಿನ ಶಸ್ತ್ರವೈದ್ಯ ಚೆಸೆಲ್ಡನ್ ಒಬ್ಬ ಹುಡುಗನ ವೃತ್ತಾಂತವನ್ನು ಪ್ರಕಟಿಸಿದನು. ಕಣ್ಣಿನ ಪೊರೆಯನ್ನು ತೆಗೆದಮೇಲೆ ಆ ಹುಡುಗನಿಗೆ ನಾಯಿ ಯಾವುದು, ಬೆಕ್ಕು ಯಾವುದು ಎಂಬುದು ನೋಟದಿಂದ ತಿಳಿಯಲಿಲ್ಲವಂತೆ. ಅವನು ಬೆಕ್ಕನ್ನು ಹಿಡಿದು, ಕೈಯಿಂದ ಗುರುತಿಸಿ, ಮುಂದೆ ಮರೆಯದಂತೆ ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದನೆಂದು ಆ ವೈದ್ಯನು ಬರೆದಿರುವನು.

ಇಂತಹ ವೃತ್ತಾಂತಗಳು ಎಷ್ಟಿದ್ದರೂ, ತಲೆಯೊಳಗೆ ನಡೆಯುವುದೇನೆಂಬುದು ಬಹುಕಾಲ ಮರೆಯಾಗಿಯೇ ಇದ್ದಿತು. ಜೀವಂತವಾದ ಮಿದುಳನ್ನು ನೋಡಬೇಕಾದರೆ ಬುರುಡೆಯನ್ನು ತೆರೆಯಬೇಕಾಗಿತ್ತು. ಆರೋಗ್ಯವಂತರಲ್ಲಿ ಅದು ಧರ್ಮವೂ ಅಲ್ಲ, ಸಾಧ್ಯವೂ ಅಲ್ಲ. ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬೆರ್ಗರನು ೧೯೨೪ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ತಲೆಯ ಹೊರಗಿನಿಂದಲೇ ದಾಖಲಿಸುವ ಕಾರ್ಯಕ್ಕೆ ತೊಡಗಿ, ೧೯೨೯ರಲ್ಲಿ ಅದನ್ನು ಪ್ರಕಟಿಸಿದನು. ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು, ನೆತ್ತಿಯ ಮೇಲೆ ಹಿಡಿದ ತಂತಿಯ ಸುರುಳಿಯಿಂದ ಕ್ಷಣಿಕವಾದ ಕಾಂತಬಲವನ್ನು ಬೀರಿ, ಕೆಳಗಿರುವ ಮಿದುಳಿನ ಭಾಗವನ್ನು ಪ್ರಚೋದಿಸುವ ಮಾರ್ಗವನ್ನು ಕಂಡರು. ೧೯೯೦ರಲ್ಲಿ ಸೈಜಿ ಒಗಾವಾ, ರಕ್ತದಲ್ಲಿ ಪ್ರಾಣವಾಯುವು ಹೆಚ್ಚುಕಡಿಮೆಯಾದಂತೆ ಅದರ ಕಾಂತಗುಣವೂ ಮಾರ್ಪಡುವುದನ್ನು ಹಿಡಿದು, ಮಿದುಳಿನ ಕಾರ್ಯವನ್ನು ಚಿತ್ರಿಸಬಹುದೆಂದು ತೋರಿಸಿದರು. ದುಡಿಯುವ ಭಾಗಕ್ಕೆ ಹೊಸ ರಕ್ತವು ಹೆಚ್ಚಾಗಿ ಹರಿಯುವುದರಿಂದ, ಯಾವ ಕೆಲಸಕ್ಕೆ ಮಿದುಳಿನ ಯಾವ ಎಡೆಯು ಎಚ್ಚರಗೊಳ್ಳುವುದೆಂಬುದು ಚಿತ್ರದಲ್ಲಿ ಮೂಡುತ್ತದೆ.

ಈ ಸಾಧನಗಳಿಂದ ಹೊರಪಟ್ಟ ಸಂಗತಿಗಳು ಹಳೆಯ ನಂಬುಗೆಯನ್ನು ಅಲುಗಿಸಿದುವು. ತಲೆಯ ಹಿಂಭಾಗದಲ್ಲಿರುವ ಮಿದುಳಿನ ಪ್ರದೇಶವು ನೋಟಕ್ಕೇ ಮೀಸಲೆಂದು ಎಲ್ಲರೂ ತಿಳಿದಿದ್ದರು. ೧೯೯೬ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸದಾಟೋ ಮತ್ತು ಸಹೋದ್ಯೋಗಿಗಳು, ಎಳವೆಯಿಂದ ಕುರುಡರಾದವರು ಬ್ರೈಲ್ ಲಿಪಿಯ ಚುಕ್ಕೆಗಳನ್ನು ಬೆರಳಿನಿಂದ ಓದುವಾಗ ಅದೇ ಪ್ರದೇಶವು ಎಚ್ಚರಗೊಳ್ಳುವುದನ್ನು ಕಂಡರು. ಇದು ಬರಿಯ ಸಹಚಾರವೋ, ನಿಜವಾದ ಉಪಯೋಗವೋ ಎಂಬ ಶಂಕೆಯು ಸಹಜವಾದುದು. ಮರುವರ್ಷವೇ ಕೋಹೆನ್ ಮೊದಲಾದವರು ಕಾಂತಸುರುಳಿಯಿಂದ ಆ ಪ್ರದೇಶವನ್ನು ಕ್ಷಣಕಾಲ ಕದಡಿದಾಗ, ಕುರುಡರ ಓದು ತಪ್ಪಿತು. ಉಬ್ಬಕ್ಷರಗಳನ್ನು ಮುಟ್ಟಿ ಓದುತ್ತಿದ್ದ ಕಣ್ಣುಳ್ಳವರ ಓದು ಹಾಗೆ ತಪ್ಪಲಿಲ್ಲ. ೨೦೦೦ದಲ್ಲಿ ಪ್ರಕಟವಾದ ಇನ್ನೊಂದು ವೃತ್ತಾಂತದಲ್ಲಿ, ಬ್ರೈಲ್ ಓದಿನಲ್ಲಿ ನಿಪುಣಳಾಗಿದ್ದ ಹುಟ್ಟುಗುರುಡಿಯಾದ ಒಬ್ಬ ಮಹಿಳೆಗೆ ರಕ್ತಾಘಾತದಿಂದ ಆ ಹಿಂಭಾಗವು ಎರಡು ಕಡೆಯೂ ಕೆಟ್ಟಿತು. ವಸ್ತುಗಳನ್ನು ಮುಟ್ಟಿ ತಿಳಿಯುವ ಶಕ್ತಿಯು ಉಳಿಯಿತು, ಓದು ಮಾತ್ರ ಹೋಯಿತು. ಕಣ್ಣಿಲ್ಲದವರು ಅರೆಬರೆಯಾಗಿ ತಿಳಿಯುವರೆಂದು ಅಂಧಗಜನ್ಯಾಯವನ್ನು ಹೇಳುವ ಪಂಡಿತರು ಈ ಬೆರಳುಗಳ ಸಾಮರ್ಥ್ಯವನ್ನೂ ನೆನೆಯುವುದು ಉಚಿತ.

ಇಲ್ಲಿ ಒಂದು ಭಯವು ತಲೆದೋರುತ್ತದೆ. ನೋಟದ ಪೀಠವನ್ನು ಸ್ಪರ್ಶವು ಹೀಗೆ ಆಕ್ರಮಿಸಿದ ಬಳಿಕ, ತಡವಾಗಿ ಬಂದ ನೋಟಕ್ಕೆ ಎಡೆಯೆಲ್ಲಿ? ಎಳವೆಯ ಮೊದಲ ಕೆಲವು ವರ್ಷಗಳು ಕಳೆದರೆ ದೃಷ್ಟಿಯನ್ನು ಕೊಟ್ಟೂ ಫಲವಿಲ್ಲವೆಂದು ಎಷ್ಟೋ ವೈದ್ಯರು ಭಾವಿಸಿದ್ದರು. ಹುಟ್ಟಿನಿಂದ ಪೊರೆಯುಳ್ಳ ಬಡಮಕ್ಕಳು, ಚಿಕಿತ್ಸೆಯು ಸಾಧ್ಯವಿದ್ದರೂ, ಕತ್ತಲೆಯಲ್ಲಿಯೇ ಬೆಳೆದುದಕ್ಕೆ ದಾರಿದ್ರ್ಯದೊಡನೆ ಈ ನಿರಾಶೆಯೂ ಕೂಡಿಕೊಂಡಿತು.

ಇದಕ್ಕೆ ಉತ್ತರವು ದೊರೆತುದು ದೆಹಲಿಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾದ ಪವನ್ ಸಿನ್ಹಾ ಅವರು ಆರಂಭಿಸಿದ ‘ಪ್ರಕಾಶ್’ ಯೋಜನೆಯಲ್ಲಿ ಅಂಧಬಾಲಕರಿಗೆ ಚಿಕಿತ್ಸೆಯನ್ನೂ ಮಾಡಿಸಿ, ಅವರು ನೋಡಲು ಕಲಿಯುವ ಬಗೆಯನ್ನೂ ಪರಿಶೀಲಿಸಿದರು. ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೮ರಿಂದ ೧೭ ವರ್ಷದ ಐವರಿದ್ದರು. ಆಟದ ಕಟ್ಟಡದ ತುಂಡುಗಳಂತಹ ೨೦ ಜೋಡಿ ಆಕೃತಿಗಳನ್ನು ಅವರಿಗೆ ಕೊಟ್ಟರು. ಮುಟ್ಟಿದುದನ್ನು ಮುಟ್ಟಿಯೇ ಗುರುತಿಸುವುದರಲ್ಲಿ ನೂರಕ್ಕೆ ೯೮, ಕಂಡುದನ್ನು ಕಂಡೇ ಗುರುತಿಸುವುದರಲ್ಲಿ ೯೨ ಸರಿಯಾದುವು. ಮುಟ್ಟಿದುದನ್ನು ಕಣ್ಣಿನಿಂದ ಗುರುತಿಸೆಂದಾಗ ಮಾತ್ರ ೫೮ಕ್ಕೆ ಇಳಿಯಿತು. ಸುಮ್ಮನೆ ಊಹಿಸಿದರೂ ೫೦ ಸರಿಯಾಗಬಹುದಷ್ಟೆ. ಮಾಲಿನ್ಯೂವಿನ ನಂಬುಗೆಯು ನಿಜವಾಯಿತು. ಆದರೆ ಅದಕ್ಕಿಂತ ಮುಖ್ಯವಾದುದು ಮುಂದಿನ ಸಂಗತಿ. ಕೆಲವು ದಿನಗಳು, ವಾರಗಳು ಕಳೆದಮೇಲೆ ಅವರಲ್ಲಿ ಕೆಲವರನ್ನು ಪುನಃ ಪರೀಕ್ಷಿಸಿದಾಗ, ವಿಶೇಷ ಶಿಕ್ಷಣವೇನೂ ಇಲ್ಲದೆ, ಮನೆಯಲ್ಲಿ ನೋಡುತ್ತ ಮುಟ್ಟುತ್ತ ಇದ್ದುದರಿಂದಲೇ, ಕಣ್ಣಿಗೂ ಕೈಗೂ ಸಖ್ಯವು ಬೆಳೆದಿದ್ದಿತು.

ಈ ಮಕ್ಕಳ ನೋಟವು ಎಲ್ಲ ವಿಧದಲ್ಲಿಯೂ ಪೂರ್ಣವಾಯಿತೆಂದು ಹೇಳುವಂತಿಲ್ಲ. ತಡವಾಗಿ ದೃಷ್ಟಿ ಪಡೆದವರಿಗೆ ಸೂಕ್ಷ್ಮವಾದುದನ್ನು ಕಾಣುವ ಶಕ್ತಿಯು ಸಾಮಾನ್ಯವಾಗಿ ಕಡಮೆಯಾಗಿಯೇ ಉಳಿಯುತ್ತದೆ. ಶೈಶವದಲ್ಲಿಯೇ ಆದ ಚಿಕಿತ್ಸೆಗೆ ಸಮನಾದುದು ಇಲ್ಲ. ಆದರೂ ಇಂದ್ರಿಯಗಳ ಸಖ್ಯವು ಅಭ್ಯಾಸದಿಂದ ಬರುವುದು, ಅಭ್ಯಾಸಕ್ಕೆ ಬಾಗಿಲು ಎಂಟು ವರ್ಷಕ್ಕಾಗಲಿ ಹದಿನೇಳು ವರ್ಷಕ್ಕಾಗಲಿ ಮುಚ್ಚಿರಲಿಲ್ಲ ಎಂಬಿಷ್ಟು ಸಿದ್ಧವಾಯಿತು. ಇದರಿಂದ ನೈಯಾಯಿಕರ ಜ್ಞಾತೃವಿಗೆ ಹಾನಿಯೂ ಇಲ್ಲ, ಸಿದ್ಧಿಯೂ ಇಲ್ಲ. ಅದು ಬೇರೆಯ ಪ್ರಮಾಣದ ವಿಷಯ. ಗೃಹಸ್ಥರಿಗೆ ಇದರಿಂದ ತಿಳಿಯತಕ್ಕುದು ಇಷ್ಟೆ: ಶಿಶುವಿನ ಕಣ್ಣಿನ ಪಾಪೆಯು ಬೆಳ್ಳಗೆ ಕಂಡರೆ, ಹಣೆಯ ಬರಹವೆಂದು ಕೈಕಟ್ಟಿ ಕುಳಿತಿರದೆ ಕೂಡಲೇ ವೈದ್ಯನಲ್ಲಿಗೆ ಒಯ್ಯಬೇಕು. ಶಿಶುತನವು ಕಳೆದು ಹುಡುಗನು ದೊಡ್ಡವನಾಗಿದ್ದರೂ, ಇನ್ನು ಪ್ರಯೋಜನವಿಲ್ಲವೆಂದು ಯಾರೋ ಆಡಿದ ಮಾತನ್ನು ನಂಬಿ ಅವನನ್ನು ಮೂಲೆಯಲ್ಲಿ ಕುಳ್ಳಿರಿಸಬಾರದು.