ಹದಿನೆಂಟು ಕೆಲಸದ ಸುತ್ತಿಗೆ

ಅತ್ತಿಗೆ ಮೊನ್ನೆ ಫೋನಲ್ಲಿ "ಅಡುಗೆಮನೆ ಕಪಾಟು ಆಯ್ತೇನೇ?" ಅಂತ ಕೇಳಿದ್ರು. ಆಯ್ತು ಅಂದೆ ಅಷ್ಟೇ. ಇವ್ರು ಪಕ್ಕದಲ್ಲೇ ಕೂತಿದ್ರು, ಪೂರ್ತಿ ಕಥೆ ಹೇಳೋಕಾಗ್ಲಿಲ್ಲ. ಈಗ ಇವ್ರನ್ನ ಕೇಳಿಕೊಂಡೇ ಬರೀತಿದ್ದೀನಿ.

ನಮ್ಮನೇವ್ರು ಬ್ಯಾಂಕಿನಿಂದ ರಿಟೈರ್ ಆಗಿ ಎಂಟು ತಿಂಗಳಾಯ್ತು. 36 ವರ್ಷ ಬರೀ ಪೆನ್ನು ಹಿಡಿದ ಕೈ. ಬೆಳಿಗ್ಗೆ ಸೋಮೇಶ್ವರನ ಗುಡಿಗೆ ಹೋಗಿ, ಹಲಸೂರು ಕೆರೆ ಕಡೆ ಒಂದು ಸುತ್ತು ನಡೆದು, ಪೇಪರ್ ಓದಿದ್ರೆ ಒಂಬತ್ತೂವರೆಗೆ ದಿನ ಮುಗೀತು. ಆಮೇಲೆ ನಾನು ಸಾರಿಗೆ ಎಷ್ಟು ಹುಣಸೆಹಣ್ಣು ಹಾಕ್ತೀನಿ ಅಂತ ನೋಡ್ತಾ ನಿಂತಿರ್ತಾರೆ. ನಾನೂ "ಸ್ವಲ್ಪ ಆ ಕಡೆ ಹೋಗ್ರೀ" ಅಂತಿರ್ತೀನಿ.

ಕಪಾಟಿಗೆ ಅಂತ ನಮ್ಮ ಬೀದಿಯ ಹಳೇ ಆಚಾರಿ ಬಂದ್ರು, ಜೊತೆಗೆ ರಾಜಸ್ಥಾನದ ಕಡೆಯ ಇಬ್ಬರು ಹುಡುಗ್ರು. ಹುಡುಗ್ರದ್ದು ಎಲ್ಲಾ ಕರೆಂಟ್ ಮೆಷಿನ್ನು. ಆಚಾರಿ ಹತ್ರ ಮಾತ್ರ ಒಂದು ಗೋಣಿಚೀಲ. ಅದ್ರಲ್ಲಿ ಉಳಿಗಳು, ಕೊಡತಿ, ಮರ ನುಣ್ಣಗೆ ಮಾಡೋ ತೋಪಡ, ಮೂಲೆಮಟ್ಟ. ಹಿಡಿ ಎಲ್ಲಾ ಸವೆದು ಅವ್ರ ಅಂಗೈ ಆಕಾರಕ್ಕೇ ಬಂದಿದ್ವು.

ಇವ್ರು ಎರಡು ದಿನ ನೋಡಿದ್ರು. ಮೂರನೇ ದಿನ ಆನ್‌ಲೈನಲ್ಲಿ ಒಂದು ಸಾಮಾನು ಬಂತು, 799 ರೂಪಾಯಿ. 18 ಕೆಲಸ ಮಾಡೋ ಸುತ್ತಿಗೆಯಂತೆ! ಮುಂದೆ ಸುತ್ತಿಗೆ, ಹಿಂದೆ ಮೊಳೆ ಕೀಳೋದು, ಬಾಯಿ ಇಕ್ಕಳದ್ದು. ಇಕ್ಕಳದ ಎರಡು ಕಾಲೇ ಸುತ್ತಿಗೆಯ ಹಿಡಿ. ಆ ಹಿಡಿಯೊಳಗೆ ಮಡಚಿಟ್ಟ ಚಾಕು, ಅರ, ಸ್ಕ್ರೂ ಡ್ರೈವರ್, ಸೋಡಾ ಬಾಟಲ್ ಮುಚ್ಚಳ ತೆಗೆಯೋದು, ನನ್ನ ಬೆರಳುದ್ದದ ಒಂದು ಗರಗಸ.

ಆಚಾರಿ ಅದನ್ನ ತಿರುಗಿಸಿ ತಿರುಗಿಸಿ ನೋಡಿದ್ರು. "ಎನ್ನ ಸಾರ್ ಇದು? ಈ ಗರಗಸದಲ್ಲಿ ಪ್ಲೈವುಡ್ ಕುಯ್ಯೋಕೆ ಶುರು ಮಾಡಿದ್ರೆ ಮೊಮ್ಮಗನ ಮದುವೆ ಹೊತ್ತಿಗೆ ಕಪಾಟು ರೆಡಿ" ಅಂದ್ರು. ಹುಡುಗ್ರು ಬಿದ್ದು ಬಿದ್ದು ನಕ್ರು. ಒಬ್ಬ "ಅಂಕಲ್, ಇದ್ರಲ್ಲಿ ಚಾಯ್ ಬರಲ್ವಾ?" ಅಂದ. ಇವ್ರು ನಗ್ತಾನೇ ಒಂದು ಮೊಳೆ ಇಟ್ಟು ಹೊಡೆದ್ರು. ಇಕ್ಕಳದ ಕಾಲಲ್ವಾ, ಏಟಿಗೆ ತೆರೆದುಕೊಳ್ತು, ಮತ್ತೆ ಮುಚ್ಚಿಕೊಳ್ತು. ಅಂಗೈ ಚರ್ಮ ಮಧ್ಯೆ ಸಿಕ್ಕಿತು. ಮೊಳೆ ಬಗ್ಗಿ ಮಲಗಿತು.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು ಕಣ್ರೀ.

ಇವ್ರು ಸುತ್ತಿಗೇನ ಅದರ ಚೀಲಕ್ಕೆ ಹಾಕಿ ರೂಮಿಗೆ ಹೋದ್ರು. ಮಧ್ಯಾಹ್ನ ಊಟ ಬೇಡ ಅಂದ್ರು. ರಾತ್ರಿ ಲೈಟ್ ಆರಿಸಿದ ಮೇಲೆ ಹೇಳಿದ್ರು, "36 ವರ್ಷ ಜನ ನನ್ನ ಕೌಂಟರ್ ಮುಂದೆ ಕ್ಯೂ ನಿಂತಿರೋರು. ಈಗ ಈ ಮನೇಲಿ ನಾನು ಎಲ್ಲಿ ನಿಂತ್ರೂ ಅಡ್ಡ."

ನಂಗೆ ನಿದ್ದೆ ಬರ್ಲಿಲ್ಲ. ನಮ್ಮ ಅಟ್ಟದ ಮೇಲೆ ನಂದೇ ಎಷ್ಟಿದೆ ಗೊತ್ತಾ? ದಾರ ಎಳೆದು ಈರುಳ್ಳಿ ಹೆಚ್ಚೋದು, ಬಾಳೆಹಣ್ಣು ಬಿಲ್ಲೆ ಮಾಡೋದು, ಹೂವಿನ ಹಾಗೆ ಕ್ಯಾರೆಟ್ ಕತ್ತರಿಸೋದು. ಇವ್ರು ಒಂದಕ್ಕೂ ನಕ್ಕಿಲ್ಲ. ಸುಮ್ನೆ ಸ್ಟೂಲ್ ಹತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ.

ಮಗಳು ಫೋನಲ್ಲಿ ಸಮಾಧಾನ ಮಾಡಿದ್ಳು. ಜಪಾನಿನಲ್ಲಿ ಕೆಂಜಿ ಕಾವಕಾಮಿ ಅನ್ನೋರು ಇಂಥ ವಿಚಿತ್ರ ಸಾಮಾನಿಗೆ ಚಿಂದೋಗು ಅಂತ ಹೆಸರಿಟ್ಟು ಪುಸ್ತಕಾನೇ ಮಾಡಿದ್ದಾರಂತೆ. ಶೂ ತುದಿಗೆ ಪುಟಾಣಿ ಛತ್ರಿ, ಬೆಕ್ಕಿನ ಕಾಲಿಗೆ ನೆಲ ಒರೆಸೋ ಚಪ್ಪಲಿ! ಆದ್ರೆ ಅದನ್ನ ಮಾರಬಾರದು ಅನ್ನೋದು ಅವ್ರ ನಿಯಮವಂತೆ. ನಮ್ಮನೇವ್ರು ದುಡ್ಡು ಕೊಟ್ಟುಬಿಟ್ಟಿದ್ರಲ್ಲ.

ಮಾರನೇ ದಿನ ಕಾಫಿ ಕೊಡೋವಾಗ ಆಚಾರಿಗೆ ಮೆಲ್ಲಗೆ ಹೇಳಿದೆ, "ಸಾರ್‌ಗೆ ಬೇಜಾರಾಗಿದೆ." ಅವ್ರು ಏನೂ ಅನ್ನಲಿಲ್ಲ. ಕೆಳಗೆ ಬಿದ್ದಿದ್ದ ಈಳಿಗೆಮಣೆ ಎತ್ತಿಕೊಂಡು, "ಅಮ್ಮಾ, ಇದೂ ಟೂ ಇನ್ ಒನ್ನೇ ಅಲ್ವಾ? ಈ ಕಡೆ ತರಕಾರಿ ಹೆಚ್ಚೋದು, ತುದೀಲಿ ಕಾಯಿ ತುರಿಯೋದು. ನಮ್ಮ ಅಜ್ಜಂದಿರು ಮಾಡಿದ್ದಕ್ಕೆ ಯಾರೂ ನಗಲ್ಲ" ಅಂದ್ರು. ಆಮೇಲೆ ರೂಮಿನ ಕಡೆ ಕೂಗಿದ್ರು, "ಸಾರ್, ಈ ಹಲಗೆ ಸ್ವಲ್ಪ ಹಿಡ್ಕೋತೀರಾ?"

ಅವತ್ತಿಂದ ಹತ್ತು ದಿನ ಇವ್ರು ಅಡುಗೆಮನೇಲಿ ನಿಂತ್ರೂ ನಾನು ಬಾಯಿ ಬಿಡಲಿಲ್ಲ. ಉಳಿಗೆ ಕಬ್ಬಿಣದ ಸುತ್ತಿಗೇಲಿ ಹೊಡೆದ್ರೆ ಹಿಡಿ ಸೀಳುತ್ತೆ, ಅದಕ್ಕೇ ಮರದ ಕೊಡತಿ ಅಂತೆ. ಉಳಿಯ ಬಾಯಿ ಮುಂದೆ ಯಾವತ್ತೂ ಇನ್ನೊಂದು ಕೈ ಇಡಬಾರದಂತೆ. ರಾತ್ರಿ ಊಟಕ್ಕೆ ಕೂತಾಗ ಇದೇ ಪಾಠ ನಂಗೆ. ಶಿವಾಜಿನಗರದ ಗುಜರಿಗೆ ಆಚಾರಿ ಜೊತೆ ಹೋಗಿ ಒಂದು ಹಳೇ ಉಳಿ ತಂದು, ಎರಡು ಸಂಜೆ ಕೂತು ಸಾಣೆ ಹಿಡಿದ್ರು.

ಉಳಿದಿದ್ದ ತೇಗದ ತುಂಡಲ್ಲಿ ಒಂದು ಮಣೆ ಮಾಡಿದ್ದಾರೆ. ಎಡಗಡೆ ಸ್ವಲ್ಪ ಅಲ್ಲಾಡುತ್ತೆ, ಅಡಿಗೆ ಪೇಪರ್ ಮಡಚಿ ಇಟ್ಟಿದ್ದೀನಿ. ಸುತ್ತಿಗೆ ನನ್ನ ಹತ್ರ ಇದೆ, ಕಾಯಿ ಒಡೆಯೋಕೆ ಪರವಾಗಿಲ್ಲ. ಗೌರಿಹಬ್ಬಕ್ಕೆ ಬಂದಾಗ ಆ ಮಣೆ ಮೇಲೆ ಕೂತ್ರೆ ಹುಷಾರು, ಯಾರೂ ನಗಬೇಡಿ ಮತ್ತೆ.